2013ರ ಟೂಂಬ್ ರೈಡರ್, 2015ರ ರೈಸ್: ಎರಡನ್ನೂ ಪಕ್ಕಪಕ್ಕ ಇಟ್ಟು ಆಡಿ ನೋಡೋದು ಹೇಗೆ

ಟೂಂಬ್ ರೈಡರ್ ಗೇಮಿನ ರೀಬೂಟ್, ಅಂದ್ರೆ ಹಳೇ ಸೀರೀಸನ್ನ ಮೊದಲಿಂದ ಹೊಸದಾಗಿ ಕಟ್ಟಿದ್ದು, ಶುರು ಮಾಡ್ಬೇಕು ಅಂತಿರೋರೆಲ್ಲಾ ಕೇಳೋದು ಒಂದೇ ಪ್ರಶ್ನೆ, 2013ರದ್ದು ಆಡ್ಲಾ ಇಲ್ಲಾ ಸೀದಾ ರೈಸ್ ಆಫ್ ದ ಟೂಂಬ್ ರೈಡರ್‌ಗೆ ಹೋಗ್ಲಾ ಅಂತ. ಅದಕ್ಕೆ ಸಿಗೋ ಉತ್ತರಾನೂ ಹೆಚ್ಚುಕಮ್ಮಿ ಒಂದೇ, ರೈಸ್‌ನಲ್ಲಿ ಎಲ್ಲಾ ಇಂಪ್ರೂವ್ ಆಗಿದೆ ಅದೇ ಆಡಿ, ಹಳೇದು ಬೇಕಾದ್ರೆ ಕಥೆ ಯೂಟ್ಯೂಬ್‌ನಲ್ಲಿ ನೋಡ್ಕೊಳ್ಳಿ. ನಂಗೆ ಈ ಉತ್ತರ ಒಪ್ಪಿಗೆ ಇಲ್ಲ. ಎರಡನ್ನೂ ಮಾಡಿದ್ದು ಒಂದೇ ಸ್ಟುಡಿಯೋ, ಕ್ರಿಸ್ಟಲ್ ಡೈನಾಮಿಕ್ಸ್, ನಾಯಕಿ ಲಾರಾ ಕ್ರಾಫ್ಟ್‌ಗೆ ದನಿ ಕೊಟ್ಟಿದ್ದೂ ಅದೇ ಕ್ಯಾಮಿಲಾ ಲಡಿಂಗ್ಟನ್, ಮುಖ್ಯ ಬರಹಗಾರ್ತಿಯೂ ಅದೇ ರಿಯಾನಾ ಪ್ರಾಚೆಟ್, ಕೈಲಿರೋದು ಅದೇ ಬಿಲ್ಲು ಅದೇ ಕೊಡಲಿ. ಹಾಗಾಗಿ ಮೇಲ್ನೋಟಕ್ಕೆ ಎರಡನೇದು ಮೊದಲನೇದ್ರದ್ದೇ ದೊಡ್ಡ ಸೈಜ್ ಅನ್ಸುತ್ತೆ. ಆದ್ರೆ ಕೂತು ಆಡಿದ್ರೆ ಗೊತ್ತಾಗುತ್ತೆ, 2013ರದ್ದು ನಿಮ್ಮನ್ನ ಓಡಿಸುತ್ತೆ, ರೈಸ್ ನಿಮ್ಮನ್ನ ನಿಲ್ಲಿಸುತ್ತೆ. ಈ ವ್ಯತ್ಯಾಸ ಟ್ರೈಲರ್‌ನಲ್ಲಾಗ್ಲಿ ಸ್ಕ್ರೀನ್‌ಶಾಟ್‌ನಲ್ಲಾಗ್ಲಿ ಕಾಣಲ್ಲ, ಕೈಯಲ್ಲಿ ಕಂಟ್ರೋಲರ್ ಹಿಡಿದಾಗ್ಲೇ ಕಾಣೋದು. ಅದನ್ನ ಹಿಡಿಯೋದು ಹೇಗೆ, ಎಲ್ಲೆಲ್ಲಿ ನೋಡ್ಬೇಕು, ಏನು ಗಮನಿಸ್ಬೇಕು ಅನ್ನೋದಕ್ಕೆ ಈ ಗೈಡ್. ಕಥೆಯ ಕೊನೆ ಎಲ್ಲೂ ಹೇಳಲ್ಲ, ಧೈರ್ಯವಾಗಿ ಓದಿ.

ಮೊದ್ಲು ಯಾವ ಎಡಿಷನ್ ಅನ್ನೋದು ಸರಿ ಮಾಡ್ಕೊಳ್ಳಿ, ಇಲ್ದಿದ್ರೆ ಹೋಲಿಕೆ ಶುರುವಲ್ಲೇ ಸೊಟ್ಟ ಆಗುತ್ತೆ. 2013ರದ್ದು ಮಾರ್ಚ್ 5ಕ್ಕೆ ಪಿಸಿ, ಪಿಎಸ್3, ಎಕ್ಸ್‌ಬಾಕ್ಸ್ 360ಗೆ ಬಂತು, ಮುಂದಿನ ವರ್ಷ ಜನವರೀಲಿ ಡೆಫಿನಿಟಿವ್ ಎಡಿಷನ್ ಅಂತ ಪಿಎಸ್4, ಎಕ್ಸ್‌ಬಾಕ್ಸ್ ಒನ್‌ಗೆ ಬಂತು. ರೈಸ್ ಕಥೆ ಸ್ವಲ್ಪ ಸುತ್ತು, 2015ರ ನವೆಂಬರ್ 10ಕ್ಕೆ ಎಕ್ಸ್‌ಬಾಕ್ಸ್‌ಗೆ ಮಾತ್ರ, ಪಿಸಿಗೆ 2016ರ ಜನವರಿ ಕೊನೇಲಿ, ಪಿಎಸ್4ನವರು 2016ರ ಅಕ್ಟೋಬರ್ ತನಕ ಕಾಯ್ಬೇಕಾಯ್ತು. ಆ ಪಿಎಸ್4 ಎಡಿಷನ್ನಿಗೆ 20 ಇಯರ್ ಸೆಲೆಬ್ರೇಷನ್ ಅಂತ ಹೆಸರು, ಯಾಕಂದ್ರೆ ಮೊಟ್ಟಮೊದಲ ಟೂಂಬ್ ರೈಡರ್ ಬಂದಿದ್ದು 1996ರಲ್ಲಿ. ಈಗ ಕೊಳ್ಳೋರು ಈ 20 ಇಯರ್ ಎಡಿಷನ್ನನ್ನೇ ತಗೊಳ್ಳಿ, ಎಲ್ಲಾ ಎಕ್ಸ್ಟ್ರಾಗಳೂ ಒಳಗೇ ಇರುತ್ತೆ. ಎಕ್ಸ್‌ಬಾಕ್ಸ್ 360ಯಲ್ಲಿ ರೈಸ್ ಆಡಿ ಎರಡನ್ನ ಹೋಲಿಸೋದು, ಇಲ್ಲಾ ಪಿಎಸ್3ಯಲ್ಲಿ ಒಂದು ಪಿಎಸ್4ನಲ್ಲಿ ಇನ್ನೊಂದು ಆಡಿ ತೀರ್ಪು ಕೊಡೋದು ಬೇಡ, ಒಂದೇ ಮೆಷಿನ್ನಲ್ಲಿ ಎರಡೂ ಆಡಿ.

ಪಿಸಿಯವರಿಗೆ ಒಂದು ಮಾತು. 2013ರದ್ದು ತುಂಬಾ ಹಗುರ, ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ, ಡಿಸ್ಕ್‌ನಲ್ಲಿ 12 ಜಿಬಿ ಜಾಗ ಸಾಕು. ರೈಸ್‌ಗೆ 25 ಜಿಬಿ ಬೇಕು, ಕನಿಷ್ಠ 6 ಜಿಬಿ ರ‍್ಯಾಮ್, 2 ಜಿಬಿ ಇರೋ ಜಿಟಿಎಕ್ಸ್ 650 ಥರದ ಗ್ರಾಫಿಕ್ಸ್ ಕಾರ್ಡ್ ಕೇಳುತ್ತೆ, ಅದೂ ಬರೀ ಶುರು ಆಗೋಕೆ. ರೈಸ್‌ನಲ್ಲಿ ಟೆಕ್ಸ್ಚರ್ ವೆರಿ ಹೈಗೆ ಇಟ್ರೆ 4 ಜಿಬಿ ಕಾರ್ಡೂ ಏದುಸಿರು ಬಿಡುತ್ತೆ, ಒಂದು ಮೆಟ್ಟಿಲು ಇಳಿಸಿ, ಕಣ್ಣಿಗೆ ವ್ಯತ್ಯಾಸ ಕಾಣೋದು ಕಮ್ಮಿ ಆದ್ರೆ ಆಟ ನುಣುಪಾಗುತ್ತೆ. ಲಾರಾ ಕೂದಲು ಒಂದೊಂದೇ ಎಳೆಯಾಗಿ ಹಾರಾಡೋ ಸೆಟ್ಟಿಂಗ್ ಇದೆಯಲ್ಲ, 2013ರದ್ರಲ್ಲಿ ಅದರ ಹೆಸರು ಟ್ರೆಸ್ಎಫ್ಎಕ್ಸ್, ರೈಸ್‌ನಲ್ಲಿ ಪ್ಯೂರ್‌ಹೇರ್, ಚೆನ್ನಾಗಿದೆ ಆದ್ರೆ ಮೆಷಿನ್ ಸುಸ್ತಾದ್ರೆ ಮೊದ್ಲು ಇದನ್ನೇ ಆಫ್ ಮಾಡಿ. ಎರಡರಲ್ಲೂ ವೇಗ ಅಳೆಯೋ ಬೆಂಚ್‌ಮಾರ್ಕ್ ಒಳಗೇ ಇದೆ, ಒಂದ್ಸಲ ಓಡಿಸಿ ಫ್ರೇಮ್‌ರೇಟ್ ಎರಡರಲ್ಲೂ ಹತ್ರಹತ್ರ ಬರೋ ಹಾಗೆ ಸೆಟ್ ಮಾಡ್ಕೊಳ್ಳಿ. ಒಂದು ಜಾರಿಕೊಂಡು ಹೋಗ್ತಾ ಇದ್ದು ಇನ್ನೊಂದು ತಡವರಿಸ್ತಾ ಇದ್ರೆ ನೀವು ಗೇಮ್ ಹೋಲಿಸ್ತಿಲ್ಲ, ಗ್ರಾಫಿಕ್ಸ್ ಕಾರ್ಡ್ ಹೋಲಿಸ್ತಿದೀರ.

ಡಿಫಿಕಲ್ಟಿ ಕೂಡ ಹೊಂದಿಸ್ಕೊಳ್ಳಬೇಕು, ಇದನ್ನ ತುಂಬಾ ಜನ ಮರೀತಾರೆ. 2013ರದ್ರಲ್ಲಿ ಈಸಿ, ನಾರ್ಮಲ್, ಹಾರ್ಡ್ ಮೂರೇ. ಅಲ್ಲಿ ಏಟು ಬಿದ್ರೆ ಸ್ವಲ್ಪ ಹೊತ್ತು ಮರೆಗೆ ನಿಂತ್ರೆ ಸಾಕು, ತಾನಾಗೇ ವಾಸಿಯಾಗುತ್ತೆ. ರೈಸ್‌ನಲ್ಲಿ ಮೆಟ್ಟಿಲು ಜಾಸ್ತಿ, ಸೀಸನ್ಡ್ ರೈಡರ್‌ಗೆ ಹೋದ್ರೆ ಫೈಟ್ ನಡೀತಿರೋವಾಗ ಹೆಲ್ತ್ ತಾನಾಗೇ ತುಂಬಲ್ಲ, ಸರ್ವೈವರ್‌ಗೆ ಹೋದ್ರೆ ಯಾವಾಗ್ಲೂ ತುಂಬಲ್ಲ, ಗಿಡಮೂಲಿಕೆ ಬಟ್ಟೆ ಸೇರಿಸಿ ಪಟ್ಟಿ ಕಟ್ಕೋಬೇಕು. ನನ್ನ ಲೆಕ್ಕದಲ್ಲಿ 2013ರದ್ದು ಹಾರ್ಡ್, ರೈಸ್ ಸೀಸನ್ಡ್ ರೈಡರ್, ಈ ಜೋಡಿ ಸರಿಹೋಗುತ್ತೆ, ಎರಡೂ ಅಲ್ಲಲ್ಲಿ ಸಾಯಿಸುತ್ತೆ ಆದ್ರೆ ಕೈ ಚೆಲ್ಲೋ ಹಾಗೆ ಮಾಡಲ್ಲ. ಎಲ್ಲಕ್ಕಿಂತ ಕಷ್ಟದ ಎಕ್ಸ್‌ಟ್ರೀಮ್ ಸರ್ವೈವರ್ ಮೊದಲ ಸಲಕ್ಕೆ ಬೇಡವೇ ಬೇಡ.

ಇನ್ನೊಂದು ಸೆಟ್ಟಿಂಗ್ ಅಲ್ಲ ಅಭ್ಯಾಸ. ಎರಡರಲ್ಲೂ ಸರ್ವೈವಲ್ ಇನ್‌ಸ್ಟಿಂಕ್ಟ್ ಅಂತ ಒಂದು ಬಟನ್ ಇದೆ, ಒತ್ತಿದ್ರೆ ಸುತ್ತಲೂ ಬಣ್ಣ ಹೋಗಿ ಬೇಕಾದ ವಸ್ತುಗಳೆಲ್ಲ ಹೊಳೆಯುತ್ತೆ. ಅದನ್ನ ಹೆಜ್ಜೆಹೆಜ್ಜೆಗೂ ಒತ್ತುತ್ತಾ ಹೋದ್ರೆ ಎರಡು ಗೇಮೂ ಒಂದೇ ಥರ ಕಾಣೋಕೆ ಶುರುವಾಗುತ್ತೆ, ಹೊಳೆಯೋದ್ರ ಹಿಂದೆ ಹೋಗೋದು ಅಷ್ಟೇ. ದಾರಿ ನಿಜವಾಗ್ಲೂ ತಪ್ಪಿದಾಗ ಮಾತ್ರ ಒತ್ತಿ. ಟೂಂಬ್ ಅಂದ್ರೆ ಪಜಲ್ ಇರೋ ಹಳೇ ಸಮಾಧಿಗಳ ಒಳಗಂತೂ ಕೈ ಆ ಬಟನ್ ಹತ್ರ ಹೋಗೋದೇ ಬೇಡ.

ಸರಿ, ಆಡೋಕೆ ಶುರು. ಆರ್ಡರ್ 2013 ಮೊದ್ಲು, ಆಮೇಲೆ ರೈಸ್, ಇದ್ರಲ್ಲಿ ಚರ್ಚೆ ಇಲ್ಲ. ಎರಡರದ್ದೂ ಮೊದಲ ಒಂದು ಗಂಟೆ ಆಡೋವಾಗ ಒಂದು ನೋಟ್‌ಬುಕ್ಕೋ ಫೋನೋ ಪಕ್ಕದಲ್ಲಿಟ್ಕೊಳ್ಳಿ, ಬರೀಬೇಕಾಗಿರೋದು ಒಂದೇ ವಿಷಯ, ಲಾರಾನ ಯಾರು ನಡೆಸ್ತಿದಾರೆ, ನೀವಾ ಅಥವಾ ಗೇಮಾ. 2013ರದ್ರ ಶುರುವಲ್ಲಿ ಎಂಡ್ಯೂರೆನ್ಸ್ ಅನ್ನೋ ಹಡಗು ಯಮತಾಯ್ ಅನ್ನೋ ದ್ವೀಪದ ಹತ್ರ ಬಿರುಗಾಳಿಗೆ ಎರಡು ಹೋಳಾಗುತ್ತೆ, 21 ವರ್ಷದ ಹುಡುಗಿ ಗುಹೆಯೊಳಗೆ ತಲೆಕೆಳಗಾಗಿ ಕಟ್ಟಿಹಾಕಿದ ಸ್ಥಿತೀಲಿ ಎಚ್ಚರ ಆಗ್ತಾಳೆ, ಬೆಂಕಿ ಹಚ್ಚಿ ಹಗ್ಗ ಸುಟ್ಕೊಂಡು ಬೀಳ್ತಾಳೆ, ಬಿದ್ದ ಕಡೆ ಕಬ್ಬಿಣದ ಸರಳು ಪಕ್ಕೆಗೆ ಚುಚ್ಕೊಳ್ಳುತ್ತೆ. ಇಲ್ಲಿಂದ ಒಂದು ಕ್ಷಣಾನೂ ಗೇಮ್ ನಿಮ್ಮ ಕೈ ಬಿಡಲ್ಲ, ತೆವಳು, ಜಿಗಿ, ಈ ಬಟನ್ ಒತ್ತು, ಈಗಲೇ ಒತ್ತು, ತಡ ಆದ್ರೆ ಸಾವು, ಅದೂ ನೋಡೋಕಾಗದ ಥರದ ಸಾವು. ಈ ಟೈಮಿಂಗ್ ಬಟನ್‌ಗಳು ಕೆಲವರಿಗೆ ಕಿರಿಕಿರಿ, ನಿಜ, ಆದ್ರೆ ಅವಸರ ಅನ್ನೋದು ಈ ಗೇಮಿನ ಉಸಿರು. ರೈಸ್ ಶುರುವಾಗೋದು ಸೈಬೀರಿಯಾದ ಹಿಮಪರ್ವತ ಹತ್ತೋದ್ರಿಂದ, ಜೊತೇಲಿ ಗೆಳೆಯ ಜೋನಾ ಇದಾನೆ, ಹಿಮಕುಸಿತ ಆಗುತ್ತೆ, ತಕ್ಷಣ ಹಿಂದಕ್ಕೆ ಸಿರಿಯಾಗೆ ಕರ್ಕೊಂಡು ಹೋಗುತ್ತೆ. ಅಲ್ಲಿನ ಬಿಸಿಲು, ಬಂಡೆ ಒಳಗಿನ ಸಮಾಧಿ, ಗೋಡೆ ಮೇಲಿನ ಚಿತ್ರ. ಆ ಚಿತ್ರದ ಮುಂದೆ ನಿಂತು ಓದಿದ್ರೆ ಲಾರಾಗೆ ಗ್ರೀಕ್ ಭಾಷೆಯ ಲೆವೆಲ್ ಏರುತ್ತೆ. ನೋಡಿ, ಶುರುವಲ್ಲೇ ಒಂದು ಗೇಮ್ ಓಡು ಅಂತಿದೆ, ಇನ್ನೊಂದು ನಿಂತು ಓದು ಅಂತಿದೆ. ಇದನ್ನ ಬರ್ಕೊಳ್ಳಿ, ಮುಂದೆಲ್ಲಾ ಇದೇ ಬೇರೆಬೇರೆ ವೇಷ ಹಾಕ್ಕೊಂಡು ಬರೋದು.

ಮುಂದೆ ಬಿಲ್ಲು. 2013ರದ್ರಲ್ಲಿ ಮರಕ್ಕೆ ನೇತಾಡ್ತಿರೋ ಹೆಣದಿಂದ ಲಾರಾ ಬಿಲ್ಲು ಕಿತ್ಕೊಳ್ತಾಳೆ, ಅದರಿಂದ ಮೊದ್ಲು ಮಾಡೋ ಕೆಲಸ ಜಿಂಕೆ ಹೊಡೆಯೋದು, ಹಸಿವಿಗೆ. ಆ ಸೀನ್ ಮುಗಿದ ಮೇಲೆ ಗೇಮ್ ಉದ್ದಕ್ಕೂ ಬೇಟೆಯ ಅಗತ್ಯಾನೇ ಬೀಳಲ್ಲ, ಅನುಭವದ ಪಾಯಿಂಟ್ಸ್ ಸಿಗುತ್ತೆ ಅಷ್ಟೇ. ಹಾಗಂತ ಬಿಲ್ಲಿನ ಮಹತ್ವ ಕಮ್ಮಿ ಅಲ್ಲ. ಹಗ್ಗ ಕಟ್ಟಿದ ಬಾಣ ಸಿಕ್ಕಿದ ಮೇಲೆ ಅದೇ ಬಿಲ್ಲು ದಾರಿ ಮಾಡೋ ಸಾಧನ ಆಗುತ್ತೆ, ಈ ಬಂಡೆಯಿಂದ ಆ ಕಂಬಕ್ಕೆ ಹಗ್ಗ ಎಳೆದು ಜಾರಿಕೊಂಡು ಹೋಗೋದು, ಗೋಡೆ ಎಳೆದು ಬೀಳಿಸೋದು. ರೈಸ್‌ನಲ್ಲಿ ಬೇಟೆಗೆ ಅರ್ಥ ಇದೆ, ಚರ್ಮ ಇಲ್ದೆ ಚೀಲ ದೊಡ್ಡದಾಗಲ್ಲ, ಮರದ ಕಡ್ಡಿ ಪುಕ್ಕ ಇಲ್ದೆ ಬಾಣ ಆಗಲ್ಲ, ಅಣಬೆಯಿಂದ ವಿಷದ ಬಾಣ ಮಾಡಿ ಕರಡಿ ಎದುರಿಸೋ ಜಾಗ ಬೇಗನೇ ಬರುತ್ತೆ, ಅಲ್ಲಿ ಈ ವ್ಯತ್ಯಾಸ ಚೆನ್ನಾಗಿ ತಟ್ಟುತ್ತೆ. ಮುಂದೆ ಹೋದ್ರೆ ಮರದ ಗೋಡೆಗೆ ದಪ್ಪ ಬಾಣಗಳನ್ನ ನೆಟ್ಟು ಅದನ್ನೇ ಹಿಡ್ಕೊಂಡು ಹತ್ತೋದೂ ಇದೆ. ಎರಡರಲ್ಲೂ ಒಂದೇ ಪ್ರಯೋಗ ಮಾಡಿ, ಒಂದು ಫೈಟ್ ಪೂರ್ತಿ ಬಿಲ್ಲಲ್ಲೇ ಮುಗಿಸೋಕೆ ನೋಡಿ, ಬಂದೂಕು ಮುಟ್ಬೇಡಿ. 2013ರದ್ರಲ್ಲಿ ಶತ್ರುಗಳು ಹುಡುಕ್ಕೊಂಡು ಬರ್ತಾರೆ, ಡೈನಮೈಟ್ ಎಸೀತಾರೆ, ಮರೆಯಾಗಿ ನಿಂತಿರೋ ಹಲಗೇನೇ ಪುಡಿಯಾಗುತ್ತೆ, ನೀವು ಓಡ್ತಾನೇ ಬಾಣ ಬಿಡ್ಬೇಕು. ರೈಸ್‌ನಲ್ಲಿ ಮರ ಹತ್ತಿ ಕೂರ್ಬೋದು, ಪೊದೇಲಿ ಅಡಗ್ಬೋದು, ನೀರೊಳಗಿಂದ ಎಳೀಬೋದು, ಬಿದ್ದಿರೋ ಬಾಟ್ಲಿಯನ್ನ ಅಲ್ಲೇ ಪೆಟ್ರೋಲ್ ಬಾಂಬ್ ಮಾಡ್ಬೋದು, ಶುರು ಮಾಡೋ ಟೈಮ್ ನಿಮ್ಮ ಕೈಲಿ. ಫೈಟ್ ಲೆಕ್ಕದಲ್ಲಿ ನಂಗೆ ಇಷ್ಟ ಆಗೋದು 2013ರದ್ದೇ. ರೈಸ್‌ನಲ್ಲಿ ಆಯ್ಕೆ ಜಾಸ್ತಿ ಇದೆ ಒಪ್ತೀನಿ, ಆದ್ರೆ ಎದೆ ಬಡಿತ ಆ ದ್ವೀಪದಲ್ಲೇ ಜಾಸ್ತಿ.

ಈಗ ಟೂಂಬ್. ಹೋಲಿಕೆಯ ಜೀವ ಇರೋದೇ ಇಲ್ಲಿ, ಹಾಗಾಗಿ ಇಲ್ಲಿ ಟೈಮ್ ಕೊಡಿ. 2013ರದ್ರಲ್ಲಿ ಕಥೆಗೆ ಸಂಬಂಧ ಇಲ್ಲದ ಆಪ್ಷನಲ್ ಟೂಂಬ್ 7 ಇವೆ, ರೈಸ್‌ನಲ್ಲಿ ಚಾಲೆಂಜ್ ಟೂಂಬ್ 9. ಲೆಕ್ಕ ನೋಡಿದ್ರೆ ದೊಡ್ಡ ವ್ಯತ್ಯಾಸ ಅಲ್ಲ ಅನ್ಸುತ್ತೆ, ಒಳಗೆ ಹೋದ್ರೆ ಗೊತ್ತಾಗೋದು. 2013ರದ್ರಲ್ಲಿ ಹಾಲ್ ಆಫ್ ಅಸೆನ್ಷನ್ ಅಂತ ಒಂದಿದೆ, ಮೌಂಟನ್ ವಿಲೇಜ್ ಪಕ್ಕದಲ್ಲಿ, ಗಾಳಿ ರಭಸವಾಗಿ ನುಗ್ಗುತ್ತೆ, ಕಿಟಕಿ ತೆಗೆದು ಮುಚ್ಚಿ ಆ ಗಾಳಿಯನ್ನ ನಿಮ್ಮ ಕೆಲಸಕ್ಕೆ ಬಗ್ಗಿಸ್ಕೋಬೇಕು. ಒಳ್ಳೇ ಐಡಿಯಾ, ನಿಜವಾಗ್ಲೂ ಒಳ್ಳೇದು, ಆದ್ರೆ ಒಂದೇ ಕೋಣೆ, ಒಂದೇ ಪಜಲ್, ಗುಟ್ಟು ಹೊಳೆದ ತಕ್ಷಣ ಮುಗೀತು, ಪೆಟ್ಟಿಗೆ ತೆಗೆದ್ರೆ ಪಾಯಿಂಟ್ಸು ಮತ್ತೆ ಆಯುಧ ಸರಿ ಮಾಡ್ಕೊಳ್ಳೋಕೆ ಬೇಕಾದ ಸಾಲ್ವೇಜು. ಉಳಿದವೂ ಹೆಚ್ಚುಕಮ್ಮಿ ಇದೇ ಅಳತೆ. ಹೆಸರಲ್ಲೇ ಟೂಂಬ್ ಇರೋ ಗೇಮಿಗೆ ಇದು ಸಾಲದು ಅಂತ ಆಗ ಎಲ್ರೂ ಬೈದ್ರು, ಬೈದಿದ್ದು ಸರಿನೇ.

ರೈಸ್‌ನವರು ಇದನ್ನ ಕಿವಿಗೆ ಹಾಕ್ಕೊಂಡಿದಾರೆ. ಮೊದ್ಲು ಸಿಗೋ ಚಾಲೆಂಜ್ ಟೂಂಬು ಐಸ್ ಶಿಪ್, ಹಿಮದ ಗವಿಯೊಳಗೆ ಹೆಪ್ಪುಗಟ್ಟಿ ನಿಂತಿರೋ ಇಡೀ ಒಂದು ಹಡಗು. ಹಡಗು ನೋಡೋಕೆ ಮುಂಚೆನೇ ದಾರಿಯಲ್ಲಿ ಹತ್ತೋದು ದಾಟೋದು ಇದೆ, ದೊಡ್ಡ ದೇವಸ್ಥಾನದಲ್ಲಿ ಪ್ರಾಕಾರ ದಾಟಿ ಗರ್ಭಗುಡಿ ಮುಂದೆ ನಿಲ್ಲೋವಾಗ ಹೇಗೆ ಮನಸ್ಸು ತಯಾರಾಗಿರುತ್ತೋ ಹಾಗೆ. ಬಾತ್ಸ್ ಆಫ್ ಕಿತೆಜ್‌ನಲ್ಲಿ ನೀರಿನ ಮಟ್ಟದ ಆಟ, ರೆಡ್ ಮೈನ್‌ನಲ್ಲಿ ಗಣಿಯ ಗಾಡಿಗಳ ಆಟ, ಒಂದರ ಥರ ಇನ್ನೊಂದಿಲ್ಲ. ಮುಖ್ಯವಾಗಿ ಬಹುಮಾನ. ಪ್ರತಿ ಟೂಂಬಿನ ಕೊನೇಲಿ ಒಂದು ಹಳೇ ಗ್ರಂಥ ಸಿಗುತ್ತೆ, ಅದನ್ನ ಓದಿದ್ರೆ ಬೇರೆಲ್ಲೂ ಸಿಗದ ಒಂದು ಸ್ಕಿಲ್ ಬರುತ್ತೆ. ಹಾಗಾಗಿ ಟೂಂಬಿಗೆ ಹೋಗದೇ ಇದ್ರೆ ನಿಮ್ಮ ಲಾರಾ ನಿಜವಾಗ್ಲೂ ಕಮ್ಮಿ ಕಲಿತಿರೋ ಲಾರಾ.

ಹೇಗೆ ಹೋಲಿಸೋದು ಅಂದ್ರೆ, 2013ರದ್ರಿಂದ ಹಾಲ್ ಆಫ್ ಅಸೆನ್ಷನ್, ರೈಸ್‌ನಿಂದ ಐಸ್ ಶಿಪ್, ಇವೆರಡನ್ನ ಅಕ್ಕಪಕ್ಕದ ಎರಡು ಸಂಜೆ ಆಡಿ. ಗೈಡ್ ನೋಡ್ಬೇಡಿ, ಇನ್‌ಸ್ಟಿಂಕ್ಟ್ ಬಟನ್ ಒತ್ಬೇಡಿ. ಒಳಗೆ ಕಾಲಿಟ್ಟಾಗಿಂದ ಮೊದಲ ಸಲ ಸುಮ್ನೆ ನಿಂತು ಸುತ್ತ ನೋಡಿದ್ದು ಯಾವಾಗ ಅಂತ ಗಮನಿಸಿ. ಮೊದಲನೇದ್ರಲ್ಲಿ ನೀವು ಪಜಲ್ ಬಿಡಿಸೋಕೆ ನೋಡ್ತೀರ, ಎರಡನೇದ್ರಲ್ಲಿ ಜಾಗ ನೋಡೋಕೆ ನೋಡ್ತೀರ, ಆಮೇಲೆ ಪಜಲ್. ಟೂಂಬಿಗೋಸ್ಕರನೇ ಈ ಸೀರೀಸ್ ಆಡೋರಾದ್ರೆ ಇಲ್ಲೇ ನಿಮ್ಮ ಉತ್ತರ ಸಿಕ್ಕಿರುತ್ತೆ, ಅದು ರೈಸ್. ಇದ್ರಲ್ಲಿ 2013ರ ಪರ ವಾದ ಮಾಡೋಕೆ ನಂಗೂ ಏನೂ ಇಲ್ಲ.

ಆದ್ರೆ ಜಾಗದ ವಿಷಯಕ್ಕೆ ಬಂದ್ರೆ ತಕ್ಕಡಿ 2013ರದ್ರ ಕಡೆ ವಾಲುತ್ತೆ. ಎರಡು ಗೇಮೂ ಒಂದೊಂದು ನಿಜವಾದ ಐತಿಹ್ಯ ಎತ್ಕೊಂಡು ಅದನ್ನ ತಮಗೆ ಬೇಕಾದ ಕಡೆ ಇಟ್ಟಿವೆ. 2013ರದ್ರ ಯಮತಾಯ್, ಅದರ ರಾಣಿ ಹಿಮಿಕೊ, ಇವು ಗೇಮಿನವರ ಕಲ್ಪನೆ ಅಲ್ಲ, ಹಿಮಿಕೊ 3ನೇ ಶತಮಾನದ ಜಪಾನಿನ ರಾಣಿ, ಚೀನಾದ ವೇಯ್ ರಾಜ್ಯದ ಚರಿತ್ರೇಲಿ ಅವಳ ಪ್ರಸ್ತಾಪ ಇದೆ, ಯಮತಾಯ್ ಎಲ್ಲಿತ್ತು ಅನ್ನೋದ್ರ ಬಗ್ಗೆ ಕ್ಯೂಶೂನಾ ನಾರಾ ಕಡೆನಾ ಅಂತ ಇವತ್ತಿಗೂ ವಿದ್ವಾಂಸರು ಜಗಳ ಆಡ್ತಾರೆ. ಗೇಮ್ ಅದನ್ನ ಹಡಗು ವಿಮಾನ ನುಂಗೋ ಡ್ರ್ಯಾಗನ್ಸ್ ಟ್ರಯಾಂಗಲ್‌ನ ಒಂದು ದ್ವೀಪ ಮಾಡಿದೆ. ರೈಸ್‌ನಲ್ಲಿ ಲಾರಾ ಹುಡುಕೋ ಕಿತೆಜ್ ರಷ್ಯಾದ ಐತಿಹ್ಯ, 13ನೇ ಶತಮಾನದಲ್ಲಿ ಬಾಟು ಖಾನನ ಮಂಗೋಲ್ ಸೈನ್ಯ ಮುತ್ತಿಗೆ ಹಾಕೋಕೆ ಬಂದಾಗ ಇಡೀ ನಗರ ನೀರಿನೊಳಗೆ ಮುಳುಗಿ ಮರೆಯಾಯ್ತು ಅಂತ, ಜನ ತೋರಿಸೋ ಜಾಗ ವೋಲ್ಗಾ ಕಡೆಯ ಸ್ವೆಟ್ಲೊಯಾರ್ ಕೆರೆ. ಗೇಮ್ ಅದನ್ನ ಎತ್ತಿ ಸೈಬೀರಿಯಾದಲ್ಲಿಟ್ಟು ಬೈಜಾಂಟಿಯಮ್ಮಿನ ನಂಟು ಹಾಕಿದೆ.

ಈಗ ಆ ಜಾಗಗಳಲ್ಲಿ ಓಡಾಡಿ ನೋಡಿ. ಯಮತಾಯ್‌ನಲ್ಲಿ ಕಾಲಗಳು ಒಂದರ ಮೇಲೊಂದು ಬಿದ್ಕೊಂಡಿವೆ, ಹಳೇ ಮರದ ದೇಗುಲ, ಅದರ ಪಕ್ಕ ಎರಡನೇ ಮಹಾಯುದ್ಧದ ಜಪಾನಿ ಬಂಕರ್, ಅದರ ಮೇಲೆ ಬಿದ್ದ ವಿಮಾನದ ರೆಕ್ಕೆ, ಆ ರೆಕ್ಕೇನ ಗೋಡೆ ಮಾಡ್ಕೊಂಡ ಗುಡಿಸಲು. ಶ್ಯಾಂಟಿಟೌನ್ ಅಂತ ಒಂದು ಭಾಗ ಇದೆ, ಪೂರ್ತಿ ಹಾಳಾದ ಹಡಗು ವಿಮಾನಗಳ ಚೂರಿಂದ ಕಟ್ಟಿದ್ದು, ಅಲ್ಲಿ ನಿಂತ್ರೆ ಈ ದ್ವೀಪ ಎಷ್ಟು ಜನರನ್ನ ನುಂಗಿದೆ ಅಂತ ಒಂದು ಮಾತೂ ಇಲ್ದೆ ಅರ್ಥ ಆಗುತ್ತೆ. ಬಿದ್ದಿರೋ ಡೈರಿಗಳನ್ನ ಕೇಳಿಸ್ಕೊಳ್ಳಿ, ತಪ್ಪಿಸ್ಬೇಡಿ, ಯುದ್ಧಕಾಲದ ಸಿಪಾಯಿ, ಜೊತೆಗಾರರು, ದ್ವೀಪದಲ್ಲಿ ಸಿಕ್ಕಿಹಾಕ್ಕೊಂಡು ಮೃಗವಾದ ಮಥಾಯಸ್ ಎಲ್ರೂ ಹೇಳೋದು ಒಂದೇ ಕಥೆ, ಇಲ್ಲಿಂದ ಹೋಗೋಕಾಗಲ್ಲ. ಜಾಗ, ಕಥೆ, ಆಟ ಮೂರೂ ಒಂದೇ ಹೇಳ್ತಿರೋದು ಅಪರೂಪ. ಅದಕ್ಕೇ ಇಲ್ಲಿ ಓಡೋದಕ್ಕೆ ಕಾರಣ ಇದೆ.

ರೈಸ್‌ನ ಜಾಗಗಳು ದೊಡ್ಡವು, ಸುಂದರ, ಅದ್ರಲ್ಲಿ ಎರಡು ಮಾತಿಲ್ಲ. ಸೋವಿಯತ್ ಇನ್‌ಸ್ಟಲೇಷನ್‌ನ ರೈಲು ಹಳಿಗಳು, ಕೈದಿಗಳ ಶಿಬಿರ, ಹಿಮ ಮೆತ್ಕೊಂಡ ಸೋವಿಯತ್ ಕಾಲದ ಗಾಂಭೀರ್ಯ, ಆಮೇಲೆ ಇದ್ದಕ್ಕಿದ್ದಂತೆ ಹಿಮದ ನಡುವೆ ಹಸಿರು ಹೊದ್ದ ಜಿಯೋಥರ್ಮಲ್ ವ್ಯಾಲಿ, ಅಲ್ಲಿ ಬದುಕ್ತಿರೋ ರೆಮ್ನಂಟ್ ಜನ. ಆ ಕಣಿವೆ ಮೊದಲ ಸಲ ಕಂಡಾಗ ಸುಮ್ನೆ ಒಂದು ಕಡೆ ನಿಂತ್ಕೊಳ್ಳಿ. ಗುಲಾಗ್ ಅಂದ್ರೆ ಸೋವಿಯತ್ ದುಡಿಮೆ ಶಿಬಿರದ ಕೈದಿಗಳ ಬರಹಗಳು ಮನಸ್ಸು ಕಲಕುತ್ತೆ. ಆದ್ರೆ ಇಲ್ಲಿ ಜಾಗಕ್ಕೂ ಕಥೆಗೂ ಅಷ್ಟು ಬಿಗಿ ಗಂಟಿಲ್ಲ. ಟ್ರಿನಿಟಿ ಅನ್ನೋ ಸಂಘಟನೆ ಹೆಲಿಕಾಪ್ಟರ್, ಸೈನ್ಯ ಎಲ್ಲಾ ತಗೊಂಡು ಬರುತ್ತೆ, ಲಾರಾನೂ ತಾನಾಗೇ ಬಂದಿರೋದು, ಬೇಕಾದ್ರೆ ವಾಪಸ್ ಹೋಗ್ಬೋದು. ಅವಳು ಹೋಗದೇ ಇರೋದು ಅಪ್ಪನಿಗೋಸ್ಕರ, ಕಿತೆಜ್ ಬಗ್ಗೆ ಹೇಳಿ ನಗೆಪಾಟಲಾದ ರಿಚರ್ಡ್ ಕ್ರಾಫ್ಟ್ ಸರಿ ಅಂತ ತೋರಿಸೋ ಹಟ. ಇದು ಒಳ್ಳೇ ಎಳೆ, ಅದರ ತೂಕ ತಿಳೀಬೇಕಂದ್ರೆ ಯಮತಾಯ್‌ನಲ್ಲಿ ಅವಳು ಏನೇನು ಕಳ್ಕೊಂಡ್ಲು ಅಂತ ನೀವೇ ಆಡಿ ನೋಡಿರ್ಬೇಕು. ಸೀದಾ ರೈಸ್‌ಗೆ ಹೋಗ್ಬೇಡಿ ಅಂತ ನಾನು ಇಷ್ಟು ಒತ್ತಿ ಹೇಳೋದು ಇದಕ್ಕೇ, ಯೂಟ್ಯೂಬ್ ಸಾರಾಂಶದಲ್ಲಿ ಘಟನೆ ಸಿಗುತ್ತೆ, ಆ ಸುಸ್ತು ಸಿಗಲ್ಲ.

ಇಲ್ಲೇ ಒಂದು ಕಷ್ಟದ ವಿಷಯಾನೂ ನೋಡ್ಬೇಕು. 2013ರದ್ರಲ್ಲಿ ಲಾರಾ ಮೊದಲ ಸಲ ಮನುಷ್ಯನನ್ನ ಕೊಲ್ಲೋ ಸೀನ್ ಇದೆ, ಅವಳ ಕೈ ನಡುಗುತ್ತೆ, ವಾಂತಿ ಬರೋ ಹಾಗಾಗುತ್ತೆ, ಆಟಗಾರರಿಗೂ ಹೊಟ್ಟೆ ಕಿವುಚುತ್ತೆ. ಅದಾಗಿ ಸ್ವಲ್ಪ ಹೊತ್ತಿಗೇ ಗುಂಪುಗುಂಪಾಗಿ ಶತ್ರುಗಳು ಬರ್ತಾರೆ, ನೀವು ತಲೆಗೆ ಗುರಿ ಇಟ್ಟು ಬೋನಸ್ ಪಾಯಿಂಟ್ಸ್ ತಗೊಳ್ತಿರ್ತೀರ. ಕಥೆ ಒಂದು ಹೇಳುತ್ತೆ, ಆಟ ಇನ್ನೊಂದು ಮಾಡಿಸುತ್ತೆ, ಈ ಬಿರುಕು ಆ ಗೇಮಿನ ದೊಡ್ಡ ದೋಷ. ರೈಸ್‌ನಲ್ಲಿ ಆ ಬಿರುಕು ಅಷ್ಟಾಗಿ ಕಾಣಲ್ಲ, ಯಾಕಂದ್ರೆ ಅಲ್ಲಿನ ಲಾರಾ ಆಗ್ಲೇ ಪಳಗಿದಾಳೆ, ಕೊಲ್ಲೋದು ಅವಳಿಗೆ ಹೊಸದಲ್ಲ. ಹೋಲಿಸೋವಾಗ ಇದನ್ನ ರೈಸ್‌ನ ಗೆಲುವು ಅಂತ ಬರ್ಕೊಳ್ಳೋಕೆ ಮುಂಚೆ ಒಂದು ಯೋಚನೆ ಮಾಡಿ, ರೈಸ್ ಆ ಪ್ರಶ್ನೆಗೆ ಉತ್ತರ ಕೊಟ್ಟಿದ್ಯಾ ಅಥವಾ ಪ್ರಶ್ನೆ ಕೇಳೋದನ್ನೇ ಬಿಟ್ಟಿದ್ಯಾ. ನನ್ನ ಪ್ರಕಾರ ಬಿಟ್ಟಿದೆ. ಮುಗ್ಗರಿಸಿದ್ರೂ ಕೇಳಿದ್ದಕ್ಕೆ 2013ರದ್ರ ಮೇಲೆ ನಂಗೆ ಗೌರವ ಜಾಸ್ತಿ.

ಕ್ಯಾಂಪ್‌ನಲ್ಲಿ ಕೂತು ಮಾಡೋ ಕೆಲಸದ ಬಗ್ಗೆ ಬೇಗ ಹೇಳ್ಬಿಡ್ತೀನಿ. ಎರಡರಲ್ಲೂ ಬೆಂಕಿ ಮುಂದೆ ಕೂತು ಸ್ಕಿಲ್ ತಗೊಳ್ಳೋದು, ಆಯುಧ ಸರಿ ಮಾಡ್ಕೊಳ್ಳೋದು, ಬ್ರಾಲರ್, ಹಂಟರ್, ಸರ್ವೈವರ್ ಅನ್ನೋ ಮೂರು ಕವಲೂ ಅವೇ. 2013ರದ್ರಲ್ಲಿ ಎಲ್ಲಾದಕ್ಕೂ ಸಾಲ್ವೇಜ್ ಅನ್ನೋ ಒಂದೇ ನಾಣ್ಯ, ಎರಡು ನಿಮಿಷದಲ್ಲಿ ಕೆಲಸ ಮುಗಿಸಿ ಎದ್ದು ಹೋಗ್ತೀರ. ರೈಸ್‌ನಲ್ಲಿ ಹತ್ತಾರು ಥರದ ಸಾಮಾನು, ಅದರ ಮೇಲೆ ಬಟ್ಟೆ ಆರಿಸೋದು, ಬಿಲ್ಲು ಆರಿಸೋದು, ಹಳೇ ಬೈಜಾಂಟೈನ್ ನಾಣ್ಯ ಅಗೆದು ತಂದು ಅಂಗಡೀಲಿ ಕೊಳ್ಳೋದು. ಆ ನಾಣ್ಯ ಎಲ್ಲಿದೆ ಅಂತ ತಿಳಿಯೋಕೆ ಕಲ್ಲಿನ ಶಾಸನ ಓದ್ಬೇಕು, ಓದೋಕೆ ಭಾಷೆಯ ಲೆವೆಲ್ ಬೇಕು, ಲೆವೆಲ್ಲಿಗೆ ಗೋಡೆ ಚಿತ್ರ ಹುಡುಕ್ಬೇಕು. ಈ ಸುತ್ತು ನಂಗೆ ತುಂಬಾ ಇಷ್ಟ, ಪುರಾತತ್ವದೋಳು ಅಂತ ಹೇಳಿಸ್ಕೊಳ್ಳೋ ಹುಡುಗಿ ನಿಜವಾಗ್ಲೂ ಓದಿ ಕಲ್ತು ಹುಡುಕೋದು ಇಲ್ಲಿ ಮಾತ್ರ. ಚರ್ಮ, ಕಡ್ಡಿ, ಬಟ್ಟೆ ಆರಿಸೋದು ಮಾತ್ರ ಅರ್ಧ ಆದ್ಮೇಲೆ ಬೇಜಾರು ತರಿಸುತ್ತೆ. ಅದಕ್ಕೊಂದು ಉಪಾಯ, ದಾರೀಲಿ ಸಿಕ್ಕಿದ್ದು ಮಾತ್ರ ತಗೊಳ್ಳಿ, ಅದಕ್ಕೋಸ್ಕರ ದಾರಿ ಬಿಡ್ಬೇಡಿ, ಬಿಲ್ಲು ಮತ್ತೆ ಒಂದು ರೈಫಲ್ ಅಷ್ಟೇ ಏರಿಸ್ಕೊಂಡು ಹೋಗಿ, ಆಟಕ್ಕೆ ಸಾಕಾಗುತ್ತೆ.

2013ರದ್ರ ಮಲ್ಟಿಪ್ಲೇಯರ್ ಬಿಡಿ, ಅದನ್ನ ಹೋಲಿಕೆಗೆ ತರೋದೇ ಬೇಡ, ಅದನ್ನ ಮಾಡಿದ್ದು ಬೇರೆ ಟೀಮ್, ಕಥೆಯ ಗೇಮಿಗೂ ಅದಕ್ಕೂ ಸಂಬಂಧಾನೇ ಇಲ್ಲ. ರೈಸ್‌ನ ಕಾರ್ಡ್ ಹಾಕ್ಕೊಂಡು ಆಡೋ ಎಕ್ಸ್‌ಪೆಡಿಷನ್ಸ್ ಕೂಡ ಆಮೇಲಿನ ಮಾತು.

ರೈಸ್ ಮುಗಿದ ಮೇಲೆ ಒಂದು ಕೆಲಸ ಬಾಕಿ, ತುಂಬಾ ಜನ ಮಾಡಲ್ಲ ಆದ್ರೆ ಇದ್ರಿಂದಲೇ ಹೆಚ್ಚು ತಿಳಿಯೋದು. 2013ರದ್ದನ್ನ ಮತ್ತೆ ತೆಗೆದು ಹಳೇ ಸೇವ್‌ನಲ್ಲಿ ಮೌಂಟನ್ ವಿಲೇಜ್‌ಗೆ ಫಾಸ್ಟ್ ಟ್ರಾವೆಲ್ ಮಾಡಿ. ಮೊದಲ ಸಲ ದಾಟೋಕಾಗದ ಕಡೆಗಳಿಗೆ ಈಗ ಹಗ್ಗದ ಬಾಣ, ಶಾಟ್‌ಗನ್ ಎಲ್ಲಾ ಇರುತ್ತೆ, ಸುತ್ತಾಡಿ. ರೈಸ್‌ನ ಅಭ್ಯಾಸದಿಂದ ಬಂದ ಕೈಗೆ ಏನೇನು ಇಲ್ಲ ಅನ್ಸುತ್ತೆ ಅಂತ ನೋಡಿ, ಮರ ಹತ್ತೋಕಾಗಲ್ಲ, ಈಜಾಡೋಕಾಗಲ್ಲ, ಬಾಟ್ಲಿ ಎತ್ತಿ ಬಾಂಬ್ ಮಾಡೋಕಾಗಲ್ಲ. ಇವು ಒಂದು ಪಟ್ಟಿ. ಆಮೇಲೆ ಏನೇನು ರೈಸ್‌ನಲ್ಲಿ ಸಿಗದೇ ಇದ್ದಿದ್ದು ಇಲ್ಲಿದೆ ಅಂತ ನೋಡಿ, ಗಾಳಿಯ ಸದ್ದು, ಇಕ್ಕಟ್ಟು, ತಲೆ ಎತ್ತಿದ್ರೆ ಕಾಣೋ ರೇಡಿಯೋ ಟವರು, ಅದನ್ನ ಹತ್ತಿದ್ದು ನೆನಪಾಗಿ ಅಂಗೈ ಬೆವರೋದು. ಇದು ಇನ್ನೊಂದು ಪಟ್ಟಿ. ಮೊದಲನೇ ಪಟ್ಟಿ ಉದ್ದ ಇರುತ್ತೆ, ಎಲ್ರದ್ದೂ ಹಾಗೇ ಆಗೋದು. ಯಾವ ಪಟ್ಟಿಯಲ್ಲಿರೋದು ನಿಮಗೆ ನಿಜವಾಗ್ಲೂ ಬೇಕು ಅನ್ನೋದು ನಿಮ್ಮ ತೀರ್ಮಾನ. ನಂಗೆ ಎರಡನೇದು.

ಒಂದೇ ಒಂದಕ್ಕೆ ಟೈಮ್ ಇದೆ ಅನ್ನೋರು, ಕೆಲಸದ ಮಧ್ಯೆ ವಾರಕ್ಕೆ ಎರಡು ಸಂಜೆ ಆಡೋರು, 2013ರದ್ದು ಆಡಿ, ಕಥೆ ಬಿಗಿಯಾಗಿದೆ, ಮಧ್ಯೆ ಬಿಟ್ಟು ಬಂದ್ರೂ ಎಲ್ಲಿದ್ದೆ ಅಂತ ಮರೆಯಲ್ಲ. ಪಜಲ್ ಬೇಕು, ಮೂಲೆಮೂಲೆ ಹುಡುಕ್ಬೇಕು, ರಜೆ ಇದೆ ಅನ್ನೋರು 2013ರದ್ದು ಮುಗಿಸಿ ರೈಸ್‌ಗೆ ಟೈಮ್ ಇಟ್ಕೊಳ್ಳಿ. ರೈಸ್ ಮುಗಿದ ಮೇಲೆ ಸೀದಾ ಮೂರನೇ ಗೇಮು, 2018ರ ಶ್ಯಾಡೋ ಆಫ್ ದ ಟೂಂಬ್ ರೈಡರ್‌ಗೆ ಜಿಗೀಬೇಡಿ, ಅದನ್ನ ಮುಂದೆ ನಿಂತು ಮಾಡಿದ್ದು ಐಡಾಸ್ ಮಾಂಟ್ರಿಯಲ್, ಅದರ ರುಚಿನೇ ಬೇರೆ, ಈ ಎರಡರ ಹೋಲಿಕೆ ತಲೇಲಿ ಕಲಸಿಹೋಗುತ್ತೆ. ಅದರ ಬದ್ಲು 20 ಇಯರ್ ಎಡಿಷನ್ನಲ್ಲಿರೋ ಬ್ಲಡ್ ಟೈಸ್ ಆಡಿ, ಫೈಟ್ ಇಲ್ಲ, ಹಾಳುಬಿದ್ದ ಕ್ರಾಫ್ಟ್ ಮ್ಯಾನರ್‌ನಲ್ಲಿ ಲಾರಾ ಒಬ್ಬಳೇ ಅಪ್ಪ ಅಮ್ಮನ ಕಾಗದಪತ್ರ ಹುಡುಕೋದು ಅಷ್ಟೇ, ಆದ್ರೆ ಹೆಡ್‌ಫೋನ್ ಹಾಕ್ಕೊಂಡೇ ಆಡಿ, ಆ ಕಾಗದಗಳನ್ನ ಓದಿ ಹೇಳೋ ದನಿ ಕೇಳೋಕೆ ಅಂತಲೇ ಆ ಭಾಗ ಇರೋದು.